ಗಡಿಯಾರದ ದಿನಚರಿ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಪಶ್ಚಿಮ ಘಟ್ಟಗಳ ಮಡಿಲಿನಲ್ಲಿ ಬಣಕಲ್ ಎಂಬ ಊರಿದೆ. ಊರಿನ ಸುತ್ತಲೂ ಕಾಫಿಯ ತೋಟಗಳು. ತೋಟಗಳಿಗೆ ನೆರಳು ನೀಡುವ ಎತ್ತರದ ಮರಗಳು. ಆ ಮರಗಳನ್ನು ಅಪ್ಪಿ ಹಬ್ಬಿದ ಮೆಣಸಿನ ಬಳ್ಳಿಗಳು. ಕೊಟ್ಟಿಗೆಹಾರವನ್ನು ದಾಟಿದೊಡನೆ ಚಾರ್ಮಾಡಿ ಘಾಟಿಯ ಇಳಿಜಾರು ಮೊದಲಾಗುತ್ತದೆ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರು ಮೋಡಗಳು ಈ ಘಟ್ಟವನ್ನು ಏರಿ ಬರುವಾಗ ಇಲ್ಲಿ ಧಾರಾಕಾರವಾಗಿ ಮಳೆಗರೆಯುತ್ತವೆ.

ಈ ನಾಡಿನ ಜನರ ಬದುಕಿಗೂ ಮಳೆಗೂ ಬಿಡಿಸಲಾಗದ ನಂಟು. ಬೇಸಿಗೆಯಲ್ಲಿ ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಕಾಫಿಯ ಗಿಡಗಳು ಬೆಳ್ಳಗೆ ಅರಳಿ ನಿಲ್ಲುತ್ತವೆ. ಆ ಮಳೆ ಯಾವ ದಿನ ಬಿದ್ದಿತು, ಎಷ್ಟು ಬಿದ್ದಿತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಆದ್ದರಿಂದ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಬರೆದಿಡುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಬೆಳಿಗ್ಗೆ ಗೊತ್ತಾದ ವೇಳೆಯಲ್ಲಿ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎಂದು ಹೆಸರು. ‘ಬೆಳಿಗ್ಗೆ ಎಂಟೂವರೆ ಗಂಟೆ, 1 ಇಂಚು 35 ಸೆಂಟು’ ಎಂಬ ಒಂದು ಸಾಲು ಆ ಪುಸ್ತಕದಲ್ಲಿದ್ದರೆ ಅದನ್ನು ಬರೆದವರು ಇಲ್ಲದಿದ್ದರೂ, ಐವತ್ತು ವರ್ಷ ಕಳೆದಿದ್ದರೂ, ಓದಿದವರಿಗೆ ಅರ್ಥವಾಗುತ್ತದೆ. ಯಾವಾಗ, ಎಷ್ಟು ಎಂಬ ಎರಡು ಪ್ರಶ್ನೆಗಳಿಗೂ ಅದು ನೇರವಾಗಿ ಉತ್ತರ ಕೊಡುತ್ತದೆ. ಒಳ್ಳೆಯ ದಾಖಲೆಯ ಲಕ್ಷಣ ಇದೇ.

ಇಂದು ಮಳೆಯನ್ನು ಅಳೆಯುವ ಕೆಲಸವನ್ನು ಯಂತ್ರಗಳೂ ಮಾಡುತ್ತಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಇವು 15 ನಿಮಿಷಗಳಿಗೊಮ್ಮೆ ಮಳೆಯ ಪ್ರಮಾಣವನ್ನು ತಾವಾಗಿಯೇ ಬೆಂಗಳೂರಿಗೆ ಕಳುಹಿಸುವಂತೆ ರಚಿತವಾದವು. ಇಷ್ಟು ಸೂಕ್ಷ್ಮವಾದ ಲೆಕ್ಕ ಏತಕ್ಕೆ ಬೇಕು ಎಂದು ಕೇಳಬಹುದು. 2019ರ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ಸುರಿದ ಅತಿವೃಷ್ಟಿಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದವು. ಮಲೆಮನೆ, ಮಧುಗುಂಡಿ ಮೊದಲಾದ ಹಳ್ಳಿಗಳಲ್ಲಿ ಮನೆಗಳೂ ತೋಟಗಳೂ ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿಹೋಯಿತು. ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಸುರಿದರೆ ಗುಡ್ಡ ಸಡಿಲವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ, ಮಳೆಯ ವೇಳೆಯೂ ಕುಸಿತದ ವೇಳೆಯೂ ಸರಿಯಾಗಿ ತಿಳಿದಿರಬೇಕು. ಮಳೆಯ ಅಳತೆ ಎಷ್ಟೇ ನಿಖರವಾಗಿರಲಿ, ಅದರ ಪಕ್ಕದಲ್ಲಿ ಬರೆದ ವೇಳೆ ತಪ್ಪಾಗಿದ್ದರೆ ಆ ಅಳತೆ ದಾರಿತಪ್ಪಿಸುತ್ತದೆ.

ಸರಿಯಾದ ವೇಳೆ ಎಂದರೇನು? ಹಿಂದಿನ ಕಾಲದಲ್ಲಿ ಗಳಿಗೆ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದರು. ದಿನಕ್ಕೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ನೆತ್ತಿಯ ಮೇಲೆ ಸೂರ್ಯ ಬಂದಾಗ ಆಯಾ ಊರಿಗೆ ನಡುಹಗಲು. ಆದರೆ ರೈಲು, ತಂತಿಗಳು ಬಂದ ಮೇಲೆ ಊರಿಗೊಂದು ವೇಳೆ ಇರುವುದು ಅಸಾಧ್ಯವಾಯಿತು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಶಿಷ್ಟ ಕಾಲವು ಗೊತ್ತಾಯಿತು. ಅದು ಪೂರ್ವ ರೇಖಾಂಶ 82.5 ಡಿಗ್ರಿಯ ಸೂರ್ಯನ ವೇಳೆಯನ್ನು ಆಧರಿಸಿದೆ. ಬಣಕಲ್ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾದ್ದರಿಂದ, ಬಣಕಲ್‌ನ ಸೂರ್ಯ ಶಿಷ್ಟ ಕಾಲಕ್ಕಿಂತ ಸುಮಾರು 28 ನಿಮಿಷ ಹಿಂದೆ ಇರುತ್ತಾನೆ. ಹಾಗಿದ್ದರೂ ಬಣಕಲ್‌ನ ಶಾಲೆಯ ಗಂಟೆ ಸೂರ್ಯನನ್ನು ಕಾಯುವುದಿಲ್ಲ. ದೇಶವು ಒಪ್ಪಿದ ವೇಳೆಗೆ ಬಾರಿಸುತ್ತದೆ. ಹೀಗೆ, ಎಲ್ಲರೂ ಒಪ್ಪಿಕೊಂಡ ವೇಳೆಯೇ ಸರಿಯಾದ ವೇಳೆ. ಈ ವೇಳೆಯನ್ನು ಭಾರತದಲ್ಲಿ ಕಾಪಾಡುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೀಸಿಯಂ ಪರಮಾಣು ಗಡಿಯಾರಗಳು. ಅಲ್ಲಿಂದ ಅದನ್ನು ಬೆಂಗಳೂರೂ ಸೇರಿದಂತೆ ಐದು ನಗರಗಳ ಮಾನಕ ಪ್ರಯೋಗಾಲಯಗಳ ಮೂಲಕ ದೇಶಕ್ಕೆಲ್ಲ ಹಂಚುವ ಯೋಜನೆಯನ್ನೂ ಕೈಗೊಳ್ಳಲಾಗಿದೆ.

ಗಣಕಯಂತ್ರದ ಒಳಗೂ ಒಂದು ಗಡಿಯಾರವಿದೆ. ಅದರ ಹೃದಯ ಒಂದು ಚಿಕ್ಕ ಸ್ಫಟಿಕ ಶಿಲೆಯ ತುಣುಕು. ವಿದ್ಯುತ್ತು ಹರಿದಾಗ ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಕಂಪನಗಳನ್ನು ಎಣಿಸಿ ಯಂತ್ರವು ಸೆಕೆಂಡುಗಳನ್ನು ಲೆಕ್ಕಹಾಕುತ್ತದೆ. ಆದರೆ ಚಳಿ ಹೆಚ್ಚಿದಾಗಲೂ ಸೆಕೆ ಹೆಚ್ಚಿದಾಗಲೂ ಈ ಸ್ಫಟಿಕದ ಕಂಪನ ತುಸು ನಿಧಾನವಾಗುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಾದರೂ ದಿನಕ್ಕೆ ಸುಮಾರು ಒಂದೂ ಮುಕ್ಕಾಲು ಸೆಕೆಂಡು ತಪ್ಪುತ್ತದೆ; ತಿಂಗಳಿಗೆ ಅದು ಐವತ್ತು ಸೆಕೆಂಡುಗಳನ್ನು ಮೀರುತ್ತದೆ. ವಿದ್ಯುತ್ತು ನಿಂತಾಗ ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿ ಹಳೆಯದಾಗಿದ್ದರಂತೂ ತಪ್ಪಿಗೆ ಮಿತಿಯೇ ಇರುವುದಿಲ್ಲ. ಆದ್ದರಿಂದ ಗಣಕದ ಗಡಿಯಾರವನ್ನು ಆಗಾಗ್ಗೆ ಸರಿಯಾದ ಗಡಿಯಾರದೊಡನೆ ಹೋಲಿಸಿ ತಿದ್ದುವುದು ಅನಿವಾರ್ಯ.

ಗೋಡೆಯ ಗಡಿಯಾರವನ್ನು ರೇಡಿಯೋದ ಸಮಯಕ್ಕೆ ಹೊಂದಿಸಿದಂತೆ ಗಣಕಗಳು ದೂರದ ಸರ್ವರುಗಳನ್ನು ಕೇಳಿ ವೇಳೆಯನ್ನು ಹೊಂದಿಸಿಕೊಳ್ಳುತ್ತವೆ. ಆದರೆ ಇಲ್ಲಿ ಒಂದು ತೊಡಕಿದೆ. ಉತ್ತರವು ಹಾದಿಯಲ್ಲಿ ಬರುವಷ್ಟರಲ್ಲಿ ಸ್ವಲ್ಪ ಕಾಲ ಕಳೆದುಹೋಗಿರುತ್ತದೆ. ಈ ತೊಡಕನ್ನು ಪರಿಹರಿಸುವ ಬಗೆ ಬಹಳ ಸರಳವಾದದ್ದು. ಒಬ್ಬ ಮನುಷ್ಯ ಬಣಕಲ್‌ನ ಗಡಿಯಾರದಲ್ಲಿ 9 ಗಂಟೆಯಾಗಿದ್ದಾಗ ಬಸ್ಸು ಹತ್ತಿದನೆನ್ನಿ. ಮೂಡಿಗೆರೆಯಲ್ಲಿ ಇಳಿದಾಗ ಅಲ್ಲಿನ ಗಡಿಯಾರ 9 ಗಂಟೆ 50 ನಿಮಿಷ ತೋರಿಸುತ್ತಿತ್ತು. ಅಲ್ಲಿಯ ಗಡಿಯಾರದಂತೆ 10 ಗಂಟೆಗೆ ಹೊರಟು ಅವನು ಹಿಂದಿರುಗಿದಾಗ ಬಣಕಲ್‌ನ ಗಡಿಯಾರದಲ್ಲಿ 10 ಗಂಟೆ 20 ನಿಮಿಷ. ಒಟ್ಟು 80 ನಿಮಿಷಗಳಲ್ಲಿ ಮೂಡಿಗೆರೆಯಲ್ಲಿ ತಂಗಿದ 10 ನಿಮಿಷಗಳನ್ನು ಕಳೆದರೆ ಪ್ರಯಾಣಕ್ಕೆ 70 ನಿಮಿಷ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಸಮನಾದ ಹೊತ್ತು ಹಿಡಿಯಿತೆಂದುಕೊಂಡರೆ ತಲಾ 35 ನಿಮಿಷ. ಎಂದಮೇಲೆ ಅವನು ಮೂಡಿಗೆರೆಯಲ್ಲಿ ಇಳಿದಾಗ ಬಣಕಲ್‌ನ ಗಡಿಯಾರ 9 ಗಂಟೆ 35 ನಿಮಿಷ ತೋರಿಸುತ್ತಿತ್ತು. ಮೂಡಿಗೆರೆಯ ಗಡಿಯಾರ ಸರಿಯಾಗಿದ್ದರೆ ಬಣಕಲ್‌ನ ಗಡಿಯಾರ 15 ನಿಮಿಷ ಹಿಂದಿದೆಯೆಂದಾಯಿತು. ಗಣಕಗಳು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಮಾಡುವ ಲೆಕ್ಕವೂ ಇದೇ.

ಈ ವಿಧಾನವನ್ನು ‘ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್’ ಎಂಬ ಹೆಸರಿನಲ್ಲಿ 1985ರಲ್ಲಿ ಜಗತ್ತಿನ ಮುಂದಿಟ್ಟವರು ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್. ಹುಟ್ಟಿನಿಂದಲೇ ಗ್ಲಾಕೋಮ ಎಂಬ ಕಣ್ಣಿನ ರೋಗಕ್ಕೆ ತುತ್ತಾಗಿದ್ದ ಅವರು ಮಂದದೃಷ್ಟಿಯಲ್ಲಿಯೇ ದಶಕಗಳ ಕಾಲ ಈ ಕಾರ್ಯವನ್ನು ಮುನ್ನಡೆಸಿದರು. ಅವರು 2024ರ ಜನವರಿ 17ರಂದು ತೀರಿಕೊಂಡರು. ಅವರು ರೂಪಿಸಿದ ಕ್ರಮವು ಎನ್‌ಟಿಪಿ ಎಂಬ ಚಿಕ್ಕ ಹೆಸರಿನಿಂದ ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

ಗಡಿಯಾರವನ್ನು ತಿದ್ದುವುದರೊಡನೆ ಗಣಕದ ಕೆಲಸ ಮುಗಿಯುವುದಿಲ್ಲ. ತಾನು ಏನು ಮಾಡಿದೆ ಎಂಬುದನ್ನು ಅದು ಒಂದು ಪುಸ್ತಕದಲ್ಲಿ ಬರೆದಂತೆ ಸಾಲುಸಾಲಾಗಿ ದಾಖಲಿಸುತ್ತದೆ. ಈ ದಾಖಲೆಗೆ ‘ಲಾಗ್’ ಎಂದು ಹೆಸರು. ಲಾಗ್ ಎಂದರೆ ಮರದ ದಿಮ್ಮಿ. ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಸಮುದ್ರಕ್ಕೆ ಎಸೆದು, ಹಗ್ಗ ಬಿಚ್ಚಿಕೊಳ್ಳುವ ವೇಗದಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಅಳತೆಯನ್ನು ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ಬಂದಿತು. ಹಡಗಿನಿಂದ ಆ ಮಾತು ಗಣಕಕ್ಕೂ ಬಂದಿತು. ಕನ್ನಡದಲ್ಲಿ ಇದನ್ನು ಯಂತ್ರದ ದಿನಚರಿ ಎನ್ನಬಹುದು. ಯಂತ್ರ ಕೆಟ್ಟಾಗ, ಲೆಕ್ಕ ತಪ್ಪಿದಾಗ, ಏನಾಯಿತೆಂದು ತಿಳಿಯಲು ಮನುಷ್ಯನಿಗಿರುವ ಸಾಕ್ಷಿ ಈ ದಿನಚರಿಯೊಂದೇ. ಆದರೆ ಈ ಸಾಕ್ಷಿಯ ಮಾತು ಎಷ್ಟೋ ವೇಳೆ ಅರ್ಥವಾಗುವುದೇ ಇಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬಣಕಲ್‌ನಂತಹ ಊರಿನ ಒಂದು ಕಚೇರಿಯಲ್ಲಿ ಮಳೆಯ ಲೆಕ್ಕವಿಡುವ ಗಣಕವೊಂದಿದೆಯೆಂದು ಭಾವಿಸಬಹುದು. ಆಷಾಢದ ಒಂದು ರಾತ್ರಿ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಂತಿತು. ನಸುಕಿನಲ್ಲಿ ವಿದ್ಯುತ್ತು ಮರಳಿದಾಗ ಗಣಕವು ತಾನಾಗಿಯೇ ಎದ್ದು ಮಳೆಯನ್ನು ದಾಖಲಿಸತೊಡಗಿತು. ಜಾಲದ ಸಂಪರ್ಕ ಮಾತ್ರ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಸಂಪರ್ಕ ಬಂದಿತು. ಯಂತ್ರವು ತನ್ನ ಗಡಿಯಾರವನ್ನು ತಿದ್ದಿಕೊಂಡಿತು. ಬೆಳಿಗ್ಗೆ ಬಂದ ಗುಮಾಸ್ತರು ದಿನಚರಿಯನ್ನು ತೆರೆದಾಗ ಕಂಡ ಸಾಲುಗಳು ಇವು:

‘ಕರ್ನಲ್ ರಿಪೋರ್ಟ್ಸ್ ಟೈಮ್ ಎರರ್: 0ಎಕ್ಸ್41: ಕ್ಲಾಕ್ ಅನ್‌ಸಿಂಕ್ರನೈಸ್ಡ್.’

‘ಟೈಮ್ ರಿಸೆಟ್ +742.318 ಸೆಕೆಂಡ್.’

ಎನ್‌ಟಿಪಿಯ ಪ್ರಸಿದ್ಧ ತಂತ್ರಾಂಶವೊಂದು ಬರೆಯುವ ಸಾಲುಗಳ ಧಾಟಿ ಹೀಗೆಯೇ ಇದೆ. ಮೊದಲನೆಯ ಸಾಲಿನಲ್ಲಿ ‘ಎರರ್’, ಅಂದರೆ ದೋಷ, ಎಂಬ ಮಾತನ್ನು ನೋಡಿದ ಕೂಡಲೇ ಯಂತ್ರ ಕೆಟ್ಟಿತೆಂದು ಗುಮಾಸ್ತರು ಗಾಬರಿಗೊಳ್ಳುವುದು ಸಹಜ. ವಾಸ್ತವವಾಗಿ ಅಲ್ಲಿ ಏನೂ ಕೆಟ್ಟಿಲ್ಲ. 41 ಎಂಬುದು ಹದಿನಾರರ ಮೂಲದಲ್ಲಿ ಬರೆದ ಸಂಖ್ಯೆ. ನಾಲ್ಕು ಹದಿನಾರುಗಳು 64. ಅದಕ್ಕೆ 1 ಸೇರಿದರೆ 65. ಇದರಲ್ಲಿ 64 ಎಂಬುದು ‘ಗಡಿಯಾರ ಇನ್ನೂ ಹೊಂದಿಕೆಯಾಗಿಲ್ಲ’ ಎಂಬುದರ ಗುರುತು. 1 ಎಂಬುದು ‘ಗಡಿಯಾರವನ್ನು ಮೆಲ್ಲಗೆ ತಿದ್ದುವ ಏರ್ಪಾಟು ಸಿದ್ಧವಾಗಿದೆ’ ಎಂಬುದರ ಗುರುತು. ಯಂತ್ರವು ಆಗತಾನೆ ಎದ್ದಿದೆ; ಯಾವ ಸರ್ವರಿನಿಂದಲೂ ಇನ್ನೂ ಉತ್ತರ ಬಂದಿಲ್ಲ ಎಂಬಷ್ಟೇ ಇದರ ತಾತ್ಪರ್ಯ. ಇದನ್ನೇ ಹೀಗೆ ಬರೆಯಬಹುದಾಗಿತ್ತು: ‘ಗಡಿಯಾರ ಇನ್ನೂ ಹೊಂದಿಕೆಯಾಗಿಲ್ಲ. ಸರ್ವರಿನ ಉತ್ತರಕ್ಕಾಗಿ ಕಾಯಲಾಗುತ್ತಿದೆ. ಯಂತ್ರ ಆರಂಭವಾದಾಗ ಇದು ಸಹಜ. ಬಹಳ ಹೊತ್ತು ಹೀಗೆಯೇ ಇದ್ದರೆ ಜಾಲದ ಸಂಪರ್ಕವನ್ನು ಪರೀಕ್ಷಿಸಬೇಕು.’ ಈ ಒಕ್ಕಣೆಯನ್ನು ಓದಿದವರಿಗೆ ಭಯವೂ ಇಲ್ಲ, ಸಂದೇಹವೂ ಇಲ್ಲ. ಮುಂದೇನು ಮಾಡಬೇಕೆಂಬುದೂ ತಿಳಿದಿರುತ್ತದೆ.

ಸಹಜವಾದ ಸ್ಥಿತಿಯನ್ನು ದೋಷವೆಂದು ಕರೆಯುವುದರಿಂದ ಇನ್ನೊಂದು ಕೇಡೂ ಇದೆ. ‘ತೋಳ ಬಂತು ತೋಳ’ ಎಂದು ಸುಮ್ಮಸುಮ್ಮನೆ ಕೂಗಿದ ಕುರಿಗಾಹಿ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಪ್ರತಿದಿನವೂ ‘ದೋಷ, ದೋಷ’ ಎಂದು ಬರೆಯುವ ದಿನಚರಿಯನ್ನು ಕೆಲವು ದಿನಗಳ ನಂತರ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ನಿಜವಾದ ದೋಷ ಬಂದ ದಿನವೂ ಅದು ಓದದೆಯೇ ಉಳಿಯುತ್ತದೆ.

ಎರಡನೆಯ ಸಾಲು ನೋಡಲು ಸೌಮ್ಯವಾಗಿದೆ. ದೋಷ ಎಂಬ ಮಾತೇ ಅದರಲ್ಲಿಲ್ಲ. ಆದರೆ ನಿಜವಾಗಿ ಎಚ್ಚರಿಸಬೇಕಾದ ಸಾಲು ಅದೇ. 742.318 ಸೆಕೆಂಡು ಎಂದರೆ 12 ನಿಮಿಷ 22 ಸೆಕೆಂಡು. ಯಂತ್ರದ ಗಡಿಯಾರ ಅಷ್ಟು ಹಿಂದಿತ್ತು. ಅದನ್ನು ಒಮ್ಮೆಗೇ ಮುಂದಕ್ಕೆ ಸರಿಸಲಾಯಿತು ಎಂಬುದು ಅದರ ಅರ್ಥ. ತಿದ್ದುವ ಮೊದಲು ಗಡಿಯಾರ 6 ಗಂಟೆ 20 ನಿಮಿಷ ತೋರಿಸುತ್ತಿದ್ದರೆ, ತಿದ್ದಿದ ಮರುಕ್ಷಣ ಅದು 6 ಗಂಟೆ 32 ನಿಮಿಷ 22 ಸೆಕೆಂಡು ತೋರಿಸುತ್ತದೆ. ಇದನ್ನು ಅರಿಯದೆ ಮಳೆಯ ಲೆಕ್ಕವನ್ನು ನೋಡಿದವರು, ನಡುವಿನ ಹನ್ನೆರಡು ನಿಮಿಷ ಮಳೆಯೇ ಬೀಳಲಿಲ್ಲವೆಂದು ಭಾವಿಸಬಹುದು. ಇದಕ್ಕಿಂತಲೂ ದೊಡ್ಡ ತಪ್ಪು ಇನ್ನೊಂದಿದೆ. ನಿಜವಾದ ವೇಳೆ 6 ಗಂಟೆ 20 ನಿಮಿಷಕ್ಕೆ ಮಳೆ ಜೋರಾಯಿತೆನ್ನಿ. ಆಗ ಹಿಂದುಳಿದ ಗಡಿಯಾರದ ಯಂತ್ರವು ಅದನ್ನು 6 ಗಂಟೆ 8 ನಿಮಿಷದ ಮಳೆಯೆಂದು ಬರೆದಿರುತ್ತದೆ. ಅದೇ ಬೆಳಿಗ್ಗೆ 6 ಗಂಟೆ 15 ನಿಮಿಷಕ್ಕೆ ರಸ್ತೆಯ ಬದಿಯ ದರೆ ಕುಸಿದುದನ್ನು ಒಬ್ಬರು ದೂರವಾಣಿಯಲ್ಲಿ ತಿಳಿಸಿದ್ದರೆ, ದಾಖಲೆಗಳನ್ನು ಹೋಲಿಸಿದವರು ಮಳೆ ಜೋರಾದ ಏಳು ನಿಮಿಷಕ್ಕೆ ದರೆ ಕುಸಿಯಿತೆಂದು ತೀರ್ಮಾನಿಸುತ್ತಾರೆ. ನಡೆದದ್ದು ಅದಲ್ಲ, ದರೆ ಕುಸಿದ ಐದು ನಿಮಿಷಗಳ ಮೇಲೆ ಮಳೆ ಜೋರಾಯಿತು. ಹಿಂದಿನದು ಮುಂದಾಯಿತು, ಕಾರಣವಲ್ಲದ್ದು ಕಾರಣವಾಯಿತು. ಇಂತಹ ತೀರ್ಮಾನದ ಮೇಲೆ ನಾಳೆಯ ಎಚ್ಚರಿಕೆಯ ನಿಯಮಗಳನ್ನು ಮಾಡಿದರೆ, ಅದನ್ನು ನಂಬಿದ ಹಳ್ಳಿಯ ಗತಿ ಏನು?

ಇಲ್ಲಿ ವಿಚಿತ್ರವಾದ ಸಂಗತಿಯೊಂದನ್ನು ಗಮನಿಸಬೇಕು. ‘ಗಡಿಯಾರ ತಪ್ಪಾಗಿದೆ’ ಎಂಬ ಸಾಲಿನ ಮುಂದೆಯೂ ಒಂದು ವೇಳೆ ಬರೆದಿರುತ್ತದೆ. ಆ ವೇಳೆಯನ್ನು ಕೊಟ್ಟಿದ್ದು ಆ ತಪ್ಪು ಗಡಿಯಾರವೇ. ಆದ್ದರಿಂದ ಇಂತಹ ಸಂದೇಶದಲ್ಲಿ ಹಳೆಯ ವೇಳೆ, ಹೊಸ ವೇಳೆ ಎರಡನ್ನೂ ಹೇಳುವುದು ಅಗತ್ಯ. ‘ಗಡಿಯಾರ 12 ನಿಮಿಷ 22 ಸೆಕೆಂಡು ಹಿಂದಿತ್ತು. 6 ಗಂಟೆ 20 ನಿಮಿಷ 0 ಸೆಕೆಂಡಿನಿಂದ 6 ಗಂಟೆ 32 ನಿಮಿಷ 22 ಸೆಕೆಂಡಿಗೆ ತಿದ್ದಲಾಯಿತು. ಯಂತ್ರ ಎದ್ದಾಗಿನಿಂದ ಇಲ್ಲಿಯವರೆಗಿನ ದಾಖಲೆಗಳ ವೇಳೆಯನ್ನು ನಂಬಬಾರದು’ ಎಂದು ಬರೆದಿದ್ದರೆ ಗುಮಾಸ್ತರೇ ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದಾಗಿತ್ತು.

ಸಂದೇಶಗಳಲ್ಲಿ ಬರುವ ಕೂಡು, ಕಳೆ ಚಿಹ್ನೆಗಳದೂ ಇಂತಹುದೇ ತೊಂದರೆ. +15 ಎಂದು ಬರೆದಿದ್ದರೆ ಗಡಿಯಾರ ಮುಂದಿದೆಯೆಂದೋ, ಮುಂದಕ್ಕೆ ತಿರುಗಿಸಬೇಕೆಂದೋ? ಎನ್‌ಟಿಪಿಯ ಮೂಲ ತಂತ್ರಾಂಶದ ಪಟ್ಟಿಯಲ್ಲಿ ಕೂಡು ಚಿಹ್ನೆಯಿದ್ದರೆ ಸರ್ವರಿನ ಗಡಿಯಾರ ಮುಂದಿದೆ, ಅಂದರೆ ತನ್ನದು ಹಿಂದಿದೆ ಎಂದರ್ಥ. ಅದೇ ಕೆಲಸವನ್ನು ಮಾಡುವ ‘ಕ್ರೋನಿ’ ಎಂಬ ಇನ್ನೊಂದು ತಂತ್ರಾಂಶದ ಪಟ್ಟಿಯಲ್ಲಿ ಕೂಡು ಚಿಹ್ನೆಯಿದ್ದರೆ ತನ್ನ ಗಡಿಯಾರವೇ ಮುಂದಿದೆ ಎಂದರ್ಥ. ಎರಡೂ ಅವುಗಳ ಲೆಕ್ಕದಲ್ಲಿ ಸರಿಯೇ. ಆದರೆ ಒಂದನ್ನು ಓದಿ ರೂಢಿಯಾದವನು ಇನ್ನೊಂದನ್ನು ಓದಿದರೆ ಹಿಂದನ್ನು ಮುಂದೆಂದು ತಿಳಿಯುತ್ತಾನೆ. ಇದಕ್ಕೆ ಪರಿಹಾರವೂ ಆ ಕ್ರೋನಿಯಲ್ಲಿಯೇ ಇದೆ. ಗಡಿಯಾರದ ಸ್ಥಿತಿಯನ್ನು ತಿಳಿಸುವ ಅದರ ಮುಖ್ಯ ವರದಿಯಲ್ಲಿ ಚಿಹ್ನೆಯ ಬದಲು ಮಾತನ್ನೇ ಬಳಸಿದ್ದಾರೆ: ಗಡಿಯಾರವು ಸರಿಯಾದ ಕಾಲಕ್ಕಿಂತ ಇಷ್ಟು ಸೆಕೆಂಡು ‘ಸ್ಲೋ’ ಅಥವಾ ‘ಫಾಸ್ಟ್’ ಎಂದು ಅದು ಹೇಳುತ್ತದೆ. ‘ಹಿಂದಿದೆ’, ‘ಮುಂದಿದೆ’ ಎಂಬ ಮಾತುಗಳಿಗೆ ಎರಡು ಅರ್ಥಗಳಿಲ್ಲ. ಚಿಹ್ನೆಯು ಸ್ಥಳವನ್ನು ಉಳಿಸುತ್ತದೆ. ಮಾತು ಸಂದೇಹವನ್ನು ನೀಗುತ್ತದೆ.

ಇನ್ನೊಂದು ಉದಾಹರಣೆಯನ್ನು ನೋಡಬಹುದು. ಸರ್ವರು ಉತ್ತರ ಕೊಡುತ್ತಿದೆಯೇ ಎಂಬುದನ್ನು ಎನ್‌ಟಿಪಿಯ ಪಟ್ಟಿಯು 377 ಎಂಬಂತಹ ಸಂಖ್ಯೆಯಿಂದ ಸೂಚಿಸುತ್ತದೆ. ಇದು ಎಂಟರ ಮೂಲದಲ್ಲಿ ಬರೆದ ಸಂಖ್ಯೆ. ಎರಡರ ಮೂಲದಲ್ಲಿ ಬರೆದರೆ ಅದು 11111111, ಎಂಟು ಒಂದುಗಳ ಸಾಲು. ಕಳೆದ ಎಂಟು ಬಾರಿ ಕೇಳಿದಾಗಲೂ ಉತ್ತರ ಬಂದಿದೆ ಎಂಬುದು ಇದರ ಅರ್ಥ. ಕೊನೆಯ ಬಾರಿ ಉತ್ತರ ಬಾರದಿದ್ದರೆ ಅದು 376 ಆಗುತ್ತದೆ. ರಚಿಸಿದವರಿಗೆ ಇದು ಚಮತ್ಕಾರದ ಸಂಕ್ಷೇಪ. ತಿಳಿಯದವರಿಗೆ ಅದು ಮುಚ್ಚಿದ ಬಾಗಿಲು. ‘ಕಳೆದ ಎಂಟು ವಿಚಾರಣೆಗಳಲ್ಲಿ ಏಳಕ್ಕೆ ಉತ್ತರ ಬಂದಿದೆ, ಕೊನೆಯದಕ್ಕೆ ಬಂದಿಲ್ಲ’ ಎಂದರೆ ಬಾಗಿಲು ತೆರೆದಂತಾಗುತ್ತದೆ.

ವೇಳೆಯನ್ನು ಬರೆಯುವಾಗ ಅದು ಯಾವ ನಾಡಿನ ವೇಳೆ ಎಂಬುದನ್ನೂ ಹೇಳಬೇಕು. ಅನೇಕ ಸರ್ವರುಗಳು ಜಾಗತಿಕ ಕಾಲವನ್ನು ಬಳಸುತ್ತವೆ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಭಾರತದಲ್ಲಿ ಹವಾಮಾನ ಇಲಾಖೆಯವರ ಮಳೆಯ ದಿನವು ಬೆಳಿಗ್ಗೆ ಎಂಟೂವರೆಗೆ ಮುಗಿದು ಹೊಸ ದಿನ ಆರಂಭವಾಗುತ್ತದೆ. ಜಾಗತಿಕ ಕಾಲದಲ್ಲಿ ಆಗ ಮೂರು ಗಂಟೆ. ‘03:00’ ಎಂದಷ್ಟೇ ಬರೆದ ಸಾಲನ್ನು ನೋಡಿದ ಗುಮಾಸ್ತರು ಅದನ್ನು ನಡುರಾತ್ರಿ ಕಳೆದ ಮೂರನೆಯ ಗಂಟೆಯೆಂದು ತಿಳಿದರೆ ಆಶ್ಚರ್ಯವಿಲ್ಲ. ಹಾಗೆಯೇ, ವೇಳೆಯೇ ಗೊತ್ತಿಲ್ಲದೆ ಎದ್ದ ಎಷ್ಟೋ ಯಂತ್ರಗಳು 1970ರ ಜನವರಿ 1ರಿಂದ ಎಣಿಕೆಯನ್ನು ಆರಂಭಿಸುತ್ತವೆ. ಭಾರತದ ಕಾಲದಲ್ಲಿ ಅದು ಅಂದಿನ ಬೆಳಿಗ್ಗೆ 5 ಗಂಟೆ 30 ನಿಮಿಷ. ಅಂದು ಬಣಕಲ್‌ನಲ್ಲಿ ಮಳೆಯಾಯಿತೆಂದು ಯಂತ್ರವು ಬರೆದರೆ, ಅದು ಸುಳ್ಳು ಹೇಳುತ್ತಿಲ್ಲ. ತನಗೆ ವೇಳೆ ತಿಳಿಯದೆಂಬುದನ್ನು ಹೇಳಲು ಬಾರದೆ ಒದ್ದಾಡುತ್ತಿದೆ. ‘ವೇಳೆ ತಿಳಿದಿಲ್ಲ’ ಎಂದು ನೇರವಾಗಿ ಬರೆಯುವುದನ್ನು ಅದಕ್ಕೆ ಕಲಿಸಬೇಕಾದವನು ಮನುಷ್ಯ.

ಸರಳವಾಗಿ ಬರೆಯುವುದೆಂದರೆ ನಿಖರತೆಯನ್ನು ಕೈಬಿಡುವುದಲ್ಲ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತ ತಜ್ಞನಿಗೆ 742.318 ಎಂಬ ಅಂಕಿಯೇ ಬೇಕು. ‘ಸುಮಾರು ಹನ್ನೆರಡು ನಿಮಿಷ’ ಎಂದರೆ ಅವನಿಗೆ ಸಾಲದು. ಅಲ್ಲದೆ ದಿನಚರಿಯನ್ನು ಓದುವವರು ಮನುಷ್ಯರಷ್ಟೇ ಅಲ್ಲ. ಗೊತ್ತಾದ ಮಾತುಗಳನ್ನು ಹುಡುಕಿ ಎಚ್ಚರಿಕೆ ಕೊಡುವ ಯಂತ್ರಗಳೂ ಅದನ್ನು ಓದುತ್ತವೆ. ಒಕ್ಕಣೆಯನ್ನು ಇದ್ದಕ್ಕಿದ್ದಂತೆ ಬದಲಾಯಿಸಿದರೆ ಹಳೆಯ ಮಾತನ್ನೇ ಹುಡುಕುತ್ತಿದ್ದ ಯಂತ್ರಕ್ಕೆ ಅದು ಸಿಕ್ಕುವುದಿಲ್ಲ. ಎಚ್ಚರಿಕೆಯ ಗಂಟೆ ಮೌನವಾಗುತ್ತದೆ. ಆದುದರಿಂದ ಅಂಕಿಯನ್ನೂ ಉಳಿಸಬೇಕು, ಮಾತನ್ನೂ ಸೇರಿಸಬೇಕು. ಬದಲಾವಣೆಯನ್ನು ಮೊದಲೇ ಎಲ್ಲರಿಗೂ ತಿಳಿಸಬೇಕು. ಏನಾಯಿತು, ಎಷ್ಟು, ಯಾವ ಕಡೆಗೆ, ಯಾವಾಗಿನಿಂದ, ಈಗ ಮಾಡಬೇಕಾದ್ದೇನು ಎಂಬ ಐದು ಪ್ರಶ್ನೆಗಳಿಗೆ ಉತ್ತರವಿರುವ ಸಾಲು ಒಳ್ಳೆಯ ಸಾಲು. ಅದು ಉದ್ದವಾಗಿರಲೇಬೇಕೆಂದಿಲ್ಲ, ಪೂರ್ಣವಾಗಿರಬೇಕು.

ಇದು ಒಂದು ಕಚೇರಿಗೋ ಒಂದು ಊರಿಗೋ ಸೀಮಿತವಾದ ವಿಷಯವಲ್ಲ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಗಳ ಪೂರ್ವ ಭಾಗದಲ್ಲಿ ಸುಮಾರು ಐದು ಕೋಟಿ ಜನರು ವಿದ್ಯುತ್ತಿಲ್ಲದೆ ಕತ್ತಲಲ್ಲಿ ಮುಳುಗಿದರು. ಯಾವ ತಂತಿ ಮೊದಲು ಕಡಿದುಹೋಯಿತು, ಯಾವುದು ಆಮೇಲೆ ಎಂದು ತಿಳಿಯಲು ತನಿಖೆಯವರು ಯಂತ್ರಗಳ ದಿನಚರಿಗಳನ್ನು ತರಿಸಿದರು. ಅವುಗಳಲ್ಲಿ ಅನೇಕವು ಶಿಷ್ಟ ಕಾಲಕ್ಕೆ ಹೊಂದಿಕೆಯಾಗದ ಗಡಿಯಾರಗಳಿಂದ ಬರೆದವು. ಘಟನೆಗಳ ಪೂರ್ವಾಪರವನ್ನು ಜೋಡಿಸುವ ಕೆಲಸವೇ ಬಹಳ ಕಷ್ಟವಾಯಿತು. ಭಾರತದಲ್ಲಿಯೂ ಈ ವಿಷಯಕ್ಕೆ ಮಹತ್ವ ದೊರೆತಿದೆ. ಗಣಕಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆಯು 2022ರ ಏಪ್ರಿಲ್ 28ರಂದು ಒಂದು ನಿರ್ದೇಶನವನ್ನು ಹೊರಡಿಸಿತು. ಅದರಂತೆ ಸಂಸ್ಥೆಗಳು ತಮ್ಮ ಗಣಕಗಳ ಗಡಿಯಾರಗಳನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವರುಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ ಹೊಂದಿಸಬೇಕು. ದಿನಚರಿಗಳನ್ನು 180 ದಿನ ಕಾಪಾಡಬೇಕು. ಗಡಿಯಾರಗಳು ಹೊಂದಿಕೆಯಾಗಬೇಕು, ದಿನಚರಿಗಳು ಉಳಿಯಬೇಕು ಎಂಬುದನ್ನು ನಿಯಮವು ವಿಧಿಸಬಲ್ಲದು. ಉಳಿದ ದಿನಚರಿ ಓದಿದವನಿಗೆ ಅರ್ಥವಾಗುವಂತೆ ಬರೆಯುವ ಹೊಣೆ ಮಾತ್ರ ಅದನ್ನು ರಚಿಸುವವನ ಮೇಲಿದೆ.

ಬಣಕಲ್‌ನ ತೋಟದ ಮಳೆಪುಸ್ತಕದಲ್ಲಿ ಬರೆದಾತನಿಗೆ ದೊಡ್ಡ ವಿದ್ಯೆಯಿರಲಿಲ್ಲದಿರಬಹುದು. ಆದರೆ ತನ್ನ ನಂತರ ಇನ್ನೊಬ್ಬರು ಇದನ್ನು ಓದುತ್ತಾರೆ, ಓದಿ ಒಂದು ತೀರ್ಮಾನಕ್ಕೆ ಬರುತ್ತಾರೆ ಎಂಬ ಅರಿವು ಅವನಿಗಿತ್ತು. ಆ ಅರಿವಿನಿಂದಲೇ ಅವನ ಸಾಲು ಇಂದಿಗೂ ಸ್ಪಷ್ಟವಾಗಿದೆ. ಯಂತ್ರಕ್ಕೆ ಆ ಅರಿವಿಲ್ಲ. ಯಂತ್ರಕ್ಕಾಗಿ ಮಾತುಗಳನ್ನು ಬರೆದಿಡುವ ಮನುಷ್ಯನಿಗೆ ಅದು ಇರಬೇಕು. ನಾಳೆ ಇಂತಹ ಯಂತ್ರಗಳನ್ನು ರೂಪಿಸುವವರು ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳೇ. ಮಳೆ ಸುರಿಯುವ ಒಂದು ನಸುಕಿನಲ್ಲಿ, ದೂರದ ಊರಿನ ಕಚೇರಿಯಲ್ಲಿ ಒಬ್ಬರೇ ಕುಳಿತು ಓದುವ ಗುಮಾಸ್ತರನ್ನು ನೆನೆದು ಅವರು ಒಂದೊಂದು ಸಾಲನ್ನೂ ಬರೆದರೆ, ಗಡಿಯಾರದ ದಿನಚರಿ ಮನುಷ್ಯನಿಗೆ ನೆರವಾಗುತ್ತದೆ.

ಅಭ್ಯಾಸ

1. ತೋಟದ ಮಳೆಪುಸ್ತಕದ ಸಾಲು ಒಳ್ಳೆಯ ದಾಖಲೆಯಾಗಲು ಕಾರಣವೇನು?

2. ಯಂತ್ರ ಎದ್ದಾಗ ಕಾಣುವ ಸಹಜ ಸ್ಥಿತಿಯನ್ನು ‘ದೋಷ’ ಎಂದು ಕರೆಯುವುದರಿಂದ ಆಗುವ ಕೇಡುಗಳಾವುವು?

3. ಒಬ್ಬನು ತನ್ನ ಊರಿನ ಗಡಿಯಾರದಂತೆ 8 ಗಂಟೆಗೆ ಹೊರಟು, ಪಕ್ಕದ ಊರಿನ ಗಡಿಯಾರದಂತೆ 8 ಗಂಟೆ 20 ನಿಮಿಷಕ್ಕೆ ತಲಪಿದನು; ಅಲ್ಲಿಂದ 8 ಗಂಟೆ 30 ನಿಮಿಷಕ್ಕೆ ಹೊರಟು, ತನ್ನ ಗಡಿಯಾರದಂತೆ 9 ಗಂಟೆ 10 ನಿಮಿಷಕ್ಕೆ ಹಿಂದಿರುಗಿದನು. ಅವನ ಊರಿನ ಗಡಿಯಾರ ಹಿಂದಿದೆಯೋ, ಮುಂದಿದೆಯೋ? ಎಷ್ಟು? ಉತ್ತರವನ್ನು ಕೂಡು, ಕಳೆ ಚಿಹ್ನೆಗಳಿಲ್ಲದೆ ಒಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ.

4. ‘ಅಂಕಿಯನ್ನೂ ಉಳಿಸಬೇಕು, ಮಾತನ್ನೂ ಸೇರಿಸಬೇಕು’ — ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.